ಬೀದಿಮರದ ಬೂದುಮಚ್ಚೆ ಮತ್ತು ಬೆಂಗಳೂರಿನ ಗಾಳಿ

ಚಳಿಗಾಲ ಬಂದರೆ ಬೆಂಗಳೂರಿನ ಮನೆಗಳಲ್ಲಿ ಅವರೆಕಾಯಿ, ಕಡಲೆಕಾಯಿ ಪರಿಷೆಯ ಮಾತಿನ ನಡುವೆ ಈಚೆಗೆ ಗಾಳಿಯ ಗುಣಮಟ್ಟ ಹೇಳುವ ಎಕ್ಯೂಐ ಕೂಡ ಸುಳಿಯುತ್ತದೆ. ಫೋನ್ ತೆಗೆದರೆ ಒಂದು ಸಂಖ್ಯೆ, ಅದರ ಪಕ್ಕ ಹಸಿರೋ ಹಳದಿಯೋ ಕಿತ್ತಳೆಯೋ ಬಣ್ಣ. ಬೆಳಗಿನ ವಾಕಿಂಗ್ ಹೋಗಬಹುದೇ, ದಮ್ಮಿನ ತೊಂದರೆ ಇರುವ ಅಜ್ಜಿಯ ಕೋಣೆಯ ಕಿಟಕಿ ತೆರೆಯಬಹುದೇ ಎಂದು ಆ ಸಂಖ್ಯೆ ನೋಡಿ ತೀರ್ಮಾನಿಸುವವರು ಹೆಚ್ಚುತ್ತಿದ್ದಾರೆ. ಆದರೆ ಅದು ನಮ್ಮ ಬೀದಿಯ ಲೆಕ್ಕವಲ್ಲ. ಮಾಪನ ಕೇಂದ್ರ ಎಲ್ಲಿದೆಯೋ ಅಲ್ಲಿನ ಗಾಳಿಯ ಲೆಕ್ಕ. ಇಷ್ಟು ದೊಡ್ಡ ನಗರದಲ್ಲಿ ಅಂಥ ಕೇಂದ್ರಗಳು ಕೆಲವೇ ಇವೆ, ಬಹುಪಾಲು ಮನೆಗಳಿಂದ ಅವು ಕಿಲೋಮೀಟರುಗಟ್ಟಲೆ ದೂರ.

ಇತ್ತ ಗೇಟಿನ ಮುಂದಿನ ಮರದ ಕಾಂಡದಲ್ಲಿ ಬೂದು, ತಿಳಿಹಸಿರು, ಸುಣ್ಣದ ಬಿಳಿ ಬಣ್ಣದ ಮಚ್ಚೆಗಳಿರುತ್ತವೆ. ಮರಕ್ಕೆ ರೋಗ ಬಂದಿದೆಯೆಂದು ಕೆಲವರು ಕೆರೆದು ತೆಗೆಯುತ್ತಾರೆ, ಬಹಳ ಮಂದಿ ನೋಡುವುದೇ ಇಲ್ಲ. ಆ ಮಚ್ಚೆಗಳು ಕಲ್ಲುಹೂವು. ವಿಜ್ಞಾನಿಗಳು ಲೈಕೆನ್ ಎನ್ನುತ್ತಾರೆ. ಗಾಳಿ ಹೇಗಿದೆ ಎಂಬುದನ್ನು ಇವುಗಳಿಂದ ತಿಳಿಯಬಹುದೆಂದು ಸಸ್ಯವಿಜ್ಞಾನಿಗಳು ನೂರೈವತ್ತು ವರ್ಷಗಳಿಂದ ಹೇಳುತ್ತ ಬಂದಿದ್ದಾರೆ. ಅದು ಹೇಗೆ ಸಾಧ್ಯ, ಬೆಂಗಳೂರಿನಂಥ ಊರಿನಲ್ಲಿ ಎಷ್ಟರಮಟ್ಟಿಗೆ ಸಾಧ್ಯ ಎಂಬುದನ್ನು ಇಲ್ಲಿ ನೋಡೋಣ.

## ಮೊದಲು, ಫೋನಿನಲ್ಲಿ ಕಾಣುವ ಆ ಸಂಖ್ಯೆ

ಎಕ್ಯೂಐ ಎಂದರೆ ವಾಯು ಗುಣಮಟ್ಟ ಸೂಚ್ಯಂಕ. ಭಾರತದ ಸೂಚ್ಯಂಕದಲ್ಲಿ ಎಂಟು ಮಾಲಿನ್ಯಕಾರಕಗಳು ಸೇರಿವೆ: ದಪ್ಪ ದೂಳು (ಪಿಎಂ 10), ಸೂಕ್ಷ್ಮ ದೂಳು (ಪಿಎಂ 2.5), ಸಾರಜನಕದ ಡೈಆಕ್ಸೈಡ್, ಗಂಧಕದ ಡೈಆಕ್ಸೈಡ್, ಇಂಗಾಲದ ಮೊನಾಕ್ಸೈಡ್, ಓಝೋನ್, ಅಮೋನಿಯಾ ಮತ್ತು ಸೀಸ. ಒಂದೊಂದಕ್ಕೂ ಬೇರೆ ಬೇರೆ ಅಂಕ ಹಾಕಿ, ಅವುಗಳಲ್ಲಿ ಯಾವುದು ಅತಿ ಹೆಚ್ಚೋ ಅದನ್ನೇ ಅಂದಿನ ಎಕ್ಯೂಐ ಎಂದು ಪ್ರಕಟಿಸುತ್ತಾರೆ. ಬೆಂಗಳೂರಿನಲ್ಲಿ ಆ ಸ್ಥಾನ ಸಾಮಾನ್ಯವಾಗಿ ದೂಳಿನದು.

ಪಿಎಂ 2.5 ಎಂದರೆ ಎರಡೂವರೆ ಮೈಕ್ರಾನ್ ಅಥವಾ ಅದಕ್ಕಿಂತ ಕಡಿಮೆ ಅಡ್ಡಳತೆಯ ಕಣ. ನಮ್ಮ ತಲೆಗೂದಲಿನ ದಪ್ಪದಲ್ಲಿ ಅಂಥ ಇಪ್ಪತ್ತು ಮೂವತ್ತು ಕಣಗಳನ್ನು ಸಾಲಾಗಿ ಇಡಬಹುದು. ವರ್ಷದ ಸರಾಸರಿಯಲ್ಲಿ ಒಂದು ಘನ ಮೀಟರ್ ಗಾಳಿಗೆ ಇದು 40 ಮೈಕ್ರೋಗ್ರಾಂ ಮೀರಬಾರದೆಂದು 2009ರ ರಾಷ್ಟ್ರೀಯ ಮಾನದಂಡ ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ ಮಿತಿ 5 ಮೈಕ್ರೋಗ್ರಾಂ. ಇವೆರಡರ ನಡುವಿನ ಅಂತರವನ್ನು ನೆನಪಿಟ್ಟುಕೊಂಡರೆ, ಫೋನಿನಲ್ಲಿ ‘ತೃಪ್ತಿಕರ’ ಎಂದು ಕಂಡ ದಿನದ ಗಾಳಿಯೂ ಪೂರ್ತಿ ಶುದ್ಧವಲ್ಲ ಎಂಬುದು ತಿಳಿಯುತ್ತದೆ.

ಈ ಯಂತ್ರಗಳು ಬಹಳ ಉಪಯುಕ್ತ, ಅವುಗಳಿಲ್ಲದೆ ನಡೆಯದು. ಆದರೆ ಅವು ತಿಳಿಸುವುದು ಆ ಗಂಟೆಯ, ಆ ದಿನದ ಸ್ಥಿತಿ. ಸಕ್ಕರೆ ಕಾಯಿಲೆ ಇರುವವರ ಮನೆಯಲ್ಲಿ ಎರಡು ಬಗೆಯ ರಕ್ತಪರೀಕ್ಷೆ ಗೊತ್ತಿರುತ್ತದೆ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಬೆರಳು ಚುಚ್ಚಿ ನೋಡುವುದು ಒಂದು, ಅದು ಹಿಂದಿನ ರಾತ್ರಿ ತಿಂದ ಹೋಳಿಗೆಗೂ ಏರುತ್ತದೆ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಇನ್ನೊಂದು, ಒಂದು ದಿನ ಪಥ್ಯ ಮಾಡಿದ ಮಾತ್ರಕ್ಕೆ ಅದು ಇಳಿಯುವುದಿಲ್ಲ. ಗಾಳಿಯ ವಿಷಯದಲ್ಲಿ ಯಂತ್ರ ಮೊದಲನೆಯ ಪರೀಕ್ಷೆಯಾದರೆ ಕಲ್ಲುಹೂವು ಎರಡನೆಯದು. ಅದರ ಲೆಕ್ಕ ತಿಂಗಳುಗಳದ್ದೂ ಅಲ್ಲ, ವರ್ಷಗಳದ್ದು.

## ಕಲ್ಲುಹೂವು ಗಿಡವೂ ಅಲ್ಲ, ಪಾಚಿಯೂ ಅಲ್ಲ

ಬಿಸಿಬೇಳೆಬಾತಿನ ಪುಡಿಗೋ ಬಿರಿಯಾನಿಗೋ ಗಾಂಧಿಬಜಾರಿನ ಗ್ರಂಥಿಗೆ ಅಂಗಡಿಯಲ್ಲಿ ಮರಾಠಿ ಮೊಗ್ಗಿನ ಜೊತೆ ಕಲ್ಲುಹೂವು ಕೊಂಡವರಿಗೆ ಇದರ ಒಂದು ರೂಪ ಪರಿಚಿತ. ಒಂದು ಬದಿ ಬೂದು, ಇನ್ನೊಂದು ಬದಿ ಕಪ್ಪು, ಕೈಯಲ್ಲಿ ಹಿಡಿದರೆ ಮುರಿಯುವಷ್ಟು ಒಣಗಿದ್ದು, ಎಣ್ಣೆಯಲ್ಲಿ ಹುರಿದಾಗ ಘಮ್ಮೆನ್ನುವುದು. ಅದು ಮುಖ್ಯವಾಗಿ ಪಾರ್ಮೋಟ್ರೀಮಾ ಎಂಬ ಕುಲಕ್ಕೆ ಸೇರಿದ ಲೈಕೆನ್. ತೋಟದಲ್ಲಿ ಬೆಳೆದದ್ದಲ್ಲ, ಕಾಡಿನ ಮರ ಬಂಡೆಗಳಿಂದ ಬಿಡಿಸಿ ತಂದದ್ದು. ಶಾಲೆಯ ಪ್ರಯೋಗಾಲಯದಲ್ಲಿ ಆಮ್ಲಕ್ಕೆ ಕೆಂಪಾಗುವ ಲಿಟ್ಮಸ್ ಕಾಗದದ ಬಣ್ಣವನ್ನೂ ಮೂಲತಃ ರೊಸೆಲ್ಲಾ ಎಂಬ ಲೈಕೆನ್‌ನಿಂದಲೇ ತೆಗೆಯುತ್ತಿದ್ದರು.

ಕಲ್ಲುಹೂವು ಒಂದೇ ಜೀವಿಯಲ್ಲ, ಒಟ್ಟಿಗೆ ಬಾಳುವ ಜೀವಿಗಳ ಕೂಟ. ದೇಹದ ಬಹುಭಾಗ ಶಿಲೀಂಧ್ರ, ಅಂದರೆ ಅಣಬೆ ಬೂಷ್ಟುಗಳ ಬಳಗದ ಜೀವಿ. ಅದರ ಎಳೆಗಳ ಹೆಣಿಗೆಯೊಳಗೆ ಒಂದು ತೆಳುಪದರವಾಗಿ ಸೂಕ್ಷ್ಮ ಹಸಿರು ಪಾಚಿ ಕೂತಿರುತ್ತದೆ. ಕೆಲವು ಬಗೆಗಳಲ್ಲಿ ಪಾಚಿಯ ಬದಲು ಸಯನೋಬ್ಯಾಕ್ಟೀರಿಯಾ ಎಂಬ ನೀಲಿಹಸಿರು ಬ್ಯಾಕ್ಟೀರಿಯಾ ಇರುತ್ತದೆ. ಪಾಚಿ ಬಿಸಿಲಿನಲ್ಲಿ ಸಕ್ಕರೆ ತಯಾರಿಸುತ್ತದೆ, ಶಿಲೀಂಧ್ರ ಅದರಲ್ಲಿ ಪಾಲು ಪಡೆದು ಬದುಕುತ್ತದೆ. ಪ್ರತಿಯಾಗಿ ಶಿಲೀಂಧ್ರ ಪಾಚಿಗೆ ನೆಲೆ, ತೇವ, ಸುಡುಬಿಸಿಲಿನಿಂದ ಮರೆ ಕೊಡುತ್ತದೆ. ಇವು ಎರಡು ಜೀವಿಗಳೆಂದು ಸ್ವಿಟ್ಜರ್ಲೆಂಡಿನ ಸಸ್ಯವಿಜ್ಞಾನಿ ಸೈಮನ್ ಶ್ವೆಂಡೆನರ್ 1860ರ ದಶಕದ ಕೊನೆಯಲ್ಲಿ ಹೇಳಿದಾಗ ಆ ಕಾಲದ ಲೈಕೆನ್ ತಜ್ಞರಲ್ಲಿ ಅನೇಕರು ಒಪ್ಪಲೇ ಇಲ್ಲ. 2016ರಲ್ಲಿ ಇನ್ನೊಂದು ಸಂಗತಿ ಹೊರಬಂತು: ಹಲವು ಕಲ್ಲುಹೂವುಗಳ ಹೊರಪದರದಲ್ಲಿ ಯೀಸ್ಟ್ ಬಗೆಯ ಮತ್ತೊಂದು ಶಿಲೀಂಧ್ರವೂ ಇದೆ. ಕೂಟದಲ್ಲಿ ಎಷ್ಟು ಪಾಲುದಾರರು, ಯಾರ ಕೆಲಸ ಏನು ಎಂಬ ಹುಡುಕಾಟ ಇನ್ನೂ ನಡೆದೇ ಇದೆ.

ನೋಟಕ್ಕೆ ಇವುಗಳಲ್ಲಿ ಮೂರು ಬಗೆ. ತೊಗಟೆಗೆ ಬಳಿದ ಹಾಗೆ ಅಂಟಿಕೊಂಡು, ತೊಗಟೆ ಕೀಳದೆ ತೆಗೆಯಲಾಗದಂಥವು ಹೊಪ್ಪಳೆ ಬಗೆ. ಅಡಿಕೆ, ಹಲಸಿನ ಕಾಂಡದ ಬಿಳಿ ಮಚ್ಚೆಯಲ್ಲಿ ಕಡ್ಡಿಯಿಂದ ಗೀಚಿದಂಥ ಕಪ್ಪು ಗೆರೆಗಳು ಕಂಡರೆ ಅದು ಗ್ರಾಫಿಸ್, ಈ ಗುಂಪಿನದೇ. ಅಂಚು ಸ್ವಲ್ಪ ಮೇಲೆದ್ದು, ಹಾಲೆಗಳಾಗಿ ಹರಡುವುದು ಎಲೆ ಬಗೆ. ಅಡುಗೆಮನೆಯ ಕಲ್ಲುಹೂವು ಈ ಗುಂಪಿಗೆ ಸೇರುತ್ತದೆ. ಒಂದೇ ಬುಡದಿಂದ ಕವಲೊಡೆದು ಪೊದೆಯಾಗಿ ನಿಲ್ಲುವುದು ಅಥವಾ ಗಡ್ಡದಂತೆ ಜೋತು ಬೀಳುವುದು ಪೊದೆ ಬಗೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಕೊಂಬೆಯಿಂದ ಇಳಿಬಿದ್ದ ಹಸಿರು ಬೂದಿನ ಅಸ್ನಿಯಾ ನೋಡಿದವರಿಗೆ ಇದು ಗೊತ್ತು. ಈ ಮೂರು ಬಗೆಗಳನ್ನು ಗುರುತಿಸಲು ಬಂದರೆ ಮುಂದಿನದನ್ನು ತಿಳಿಯುವುದು ಸುಲಭ.

## ಗಾಳಿ ಕೆಟ್ಟರೆ ಇವಕ್ಕೇ ಮೊದಲು ತಾಗುವುದೇಕೆ?

ಕಲ್ಲುಹೂವಿಗೆ ಬೇರಿಲ್ಲ. ಮರದ ಮೇಲಿದ್ದರೂ ಮರದಿಂದ ಅದು ಏನನ್ನೂ ಹೀರುವುದಿಲ್ಲ. ನೀರು, ಲವಣ, ಸಾರಜನಕ ಎಲ್ಲವೂ ಅದಕ್ಕೆ ಸಿಗುವುದು ಮಳೆ, ಮಂಜು, ಇಬ್ಬನಿ ಮತ್ತು ಗಾಳಿಯ ದೂಳಿನಿಂದ. ಹಾಗಾಗಿ ಅದು ಮೈಯೆಲ್ಲ ತೆರೆದುಕೊಂಡೇ ಇರಬೇಕು.

ಮಾವಿನ ಎಲೆಯನ್ನು ನೆನೆದುಕೊಳ್ಳಿ. ಮೇಲೆ ಮೇಣದ ಹೊದಿಕೆ ಇರುತ್ತದೆ, ನೀರು ಬಿದ್ದರೆ ಜಾರಿಹೋಗುತ್ತದೆ. ಗಾಳಿ ಒಳಗೆ ಬರಲು ಸಣ್ಣ ರಂಧ್ರಗಳಿವೆ, ಬೇಡವಾದಾಗ ಎಲೆ ಅವನ್ನು ಮುಚ್ಚಿಕೊಳ್ಳುತ್ತದೆ. ಹಳೆಯ ಎಲೆ ಉದುರುವಾಗ ಅದರಲ್ಲಿ ಕೂಡಿಕೊಂಡ ಕೊಳೆಯೂ ಉದುರುತ್ತದೆ. ಕಲ್ಲುಹೂವಿಗೆ ಈ ಮೂರು ರಕ್ಷಣೆಗಳಲ್ಲಿ ಒಂದೂ ಇಲ್ಲ. ಮೇಣವಿಲ್ಲ, ಮುಚ್ಚುವ ರಂಧ್ರವಿಲ್ಲ, ಉದುರಿಸಲು ಎಲೆಯೂ ಇಲ್ಲ. ಗಾಳಿಯಲ್ಲಿ ಬಂದದ್ದು ಒಳಗೆ ಹೋಗುತ್ತದೆ, ಹೋದದ್ದು ಬಹುಕಾಲ ಅಲ್ಲೇ ಉಳಿಯುತ್ತದೆ.

ಗಂಧಕದ ಡೈಆಕ್ಸೈಡ್ ತಾಗಿದಾಗ ಏನಾಗುತ್ತದೆ ನೋಡಿ. ಕಲ್ಲಿದ್ದಲು, ಗಂಧಕ ಹೆಚ್ಚಿರುವ ಡೀಸೆಲ್ ಉರಿದಾಗ ಹುಟ್ಟುವ ಈ ಅನಿಲ ನೀರಿನಲ್ಲಿ ಬೇಗ ಕರಗುತ್ತದೆ. ಒದ್ದೆ ಕಲ್ಲುಹೂವಿನ ಮೈಯಲ್ಲಿ ಕರಗಿ ಆಮ್ಲವಾಗುತ್ತದೆ. ಆ ಆಮ್ಲ ಪಾಚಿಯ ಪತ್ರಹರಿತ್ತನ್ನು ಒಡೆಯುತ್ತದೆ, ಹಸಿರು ಕಂದಾಗುತ್ತದೆ. ಸಕ್ಕರೆ ತಯಾರಿಕೆ ನಿಂತ ಮೇಲೆ ಶಿಲೀಂಧ್ರಕ್ಕೂ ಊಟವಿಲ್ಲ, ಕೂಟವೇ ಮುರಿಯುತ್ತದೆ. ಇಬ್ಬರಲ್ಲಿ ಒಬ್ಬರಿಗೆ ಪೆಟ್ಟಾದರೂ ಸಂಸಾರ ಉಳಿಯುವುದಿಲ್ಲವಾದ್ದರಿಂದ ಇದು ಇಷ್ಟು ನಾಜೂಕು.

ಒದ್ದೆ ಎಂಬ ಮಾತು ಇಲ್ಲಿ ಮುಖ್ಯ. ಒಣಗಿದ ಕಲ್ಲುಹೂವು ಸತ್ತಂತೆ ಕಂಡರೂ ಸುಮ್ಮನೆ ಮಲಗಿರುತ್ತದೆ. ಆಗ ಅದಕ್ಕೆ ಬಿಸಿಲಾಗಲಿ ವಿಷಾನಿಲವಾಗಲಿ ಅಷ್ಟಾಗಿ ತಾಗದು. ನೀರು ಸೋಕಿದ ಕೆಲವೇ ನಿಮಿಷಗಳಲ್ಲಿ ಎಚ್ಚೆತ್ತು ಉಸಿರಾಡತೊಡಗುತ್ತದೆ, ಪೆಟ್ಟು ತಿನ್ನುವುದೂ ಆಗಲೇ. ಬೆಂಗಳೂರಿನಲ್ಲಿ ಅದು ಎಚ್ಚರವಾಗಿರುವ ಕಾಲ ಮಳೆಗಾಲ ಮತ್ತು ಚಳಿಗಾಲದ ಇಬ್ಬನಿಯ ಬೆಳಗು. ಮಳೆಗಾಲದ ಗಾಳಿ ತೊಳೆದಂತಿರುತ್ತದೆ. ಚಳಿಗಾಲದ ಬೆಳಗು ಹಾಗಲ್ಲ. ನೆಲದ ಹತ್ತಿರದ ತಣ್ಣನೆಯ ಗಾಳಿ ಮೇಲೇರದೆ ನಿಲ್ಲುತ್ತದೆ, ವಾಹನಗಳ ಹೊಗೆ ಅದರಲ್ಲೇ ಸೇರಿಕೊಳ್ಳುತ್ತದೆ. ಇಬ್ಬನಿಯಿಂದ ಕಲ್ಲುಹೂವು ಎಚ್ಚೆತ್ತಿರುವ ಆ ಹೊತ್ತೇ ನಾವು ವಾಕಿಂಗ್ ಹೋಗುವ ಹೊತ್ತು.

ಲೋಹದ ಕತೆ ಬೇರೆ. ಸೀಸ, ಸತು, ತಾಮ್ರ, ಕ್ರೋಮಿಯಂನಂಥ ಲೋಹಗಳ ಕಣಗಳನ್ನು ಸಹಿಷ್ಣು ಬಗೆಯ ಕಲ್ಲುಹೂವು ಸಾಯದೆ ಮೈಯಲ್ಲಿ ಶೇಖರಿಸುತ್ತ ಹೋಗುತ್ತದೆ. 1986ರ ಚೆರ್ನೋಬಿಲ್ ಅಣುಸ್ಥಾವರ ದುರಂತದ ಬಳಿಕ ಇದು ಜಗತ್ತಿಗೇ ಗೊತ್ತಾಯಿತು. ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದ ನಾರ್ವೆ, ಸ್ವೀಡನ್‌ಗಳಲ್ಲಿ ಮಳೆಯೊಡನೆ ಇಳಿದ ವಿಕಿರಣಶೀಲ ಸೀಸಿಯಂ ಅನ್ನು ಕಲ್ಲುಹೂವು ಹೀರಿಕೊಂಡಿತು. ಅದನ್ನು ಮೇಯ್ದ ಹಿಮಸಾರಂಗಗಳ ಮಾಂಸ ತಿನ್ನಲಾಗದಂತಾಯಿತು. ಇದೇ ಕಾರಣಕ್ಕೆ ಒಂದು ಮಾತು: ನಗರದ ಬೀದಿಮರದ ಕಲ್ಲುಹೂವನ್ನು ಅಡುಗೆಗೆಂದು ಯಾರೂ ಬಿಡಿಸಬಾರದು.

## ಪ್ಯಾರಿಸ್ಸಿನ ಉದ್ಯಾನದಲ್ಲಿ ಕಂಡದ್ದು

ಫಿನ್ಲೆಂಡ್ ಮೂಲದ ಸಸ್ಯವಿಜ್ಞಾನಿ ವಿಲಿಯಂ ನೈಲಾಂಡರ್ 1866ರಲ್ಲಿ ಪ್ಯಾರಿಸ್ಸಿನ ಲಕ್ಸೆಂಬರ್ಗ್ ಉದ್ಯಾನದ ಮರಗಳಲ್ಲಿ ಹಲವು ಬಗೆಯ ಕಲ್ಲುಹೂವುಗಳನ್ನು ಗುರುತಿಸಿದ. ನಗರದ ಬೇರೆಡೆ ಅವು ಇರಲಿಲ್ಲ. ಆ ಉದ್ಯಾನದ ಗಾಳಿ ಮಿಕ್ಕೆಡೆಗಿಂತ ಚೊಕ್ಕವಾಗಿರುವುದೇ ಕಾರಣ ಎಂದ. ಕಲ್ಲಿದ್ದಲ ಹೊಗೆ ಹೆಚ್ಚುತ್ತ ಹೋದಂತೆ ಅಲ್ಲಿನವೂ ಅಳಿದವು. ಸುಮಾರು ನೂರು ವರ್ಷಗಳ ನಂತರ, ಯುರೋಪಿನ ನಗರಗಳು ಕಲ್ಲಿದ್ದಲು ಬಿಟ್ಟ ಮೇಲೆ, ಅದೇ ಉದ್ಯಾನದ ಮರಗಳಿಗೆ ಕಲ್ಲುಹೂವು ಮರಳಿದ್ದನ್ನು 1991ರಲ್ಲಿ ಸಂಶೋಧಕರು ವರದಿ ಮಾಡಿದರು. ಒಂದೇ ಜಾಗದ ಹಳೆಯ ಪಟ್ಟಿ ಇದ್ದದ್ದರಿಂದ ಮಾತ್ರ ಹೀಗೆ ಹೋಲಿಸಿ ನೋಡಲು ಆಯಿತು.

ಇಂಗ್ಲೆಂಡಿನಲ್ಲಿ 1970ರಲ್ಲಿ ಹಾಕ್ಸ್‌ವರ್ತ್ ಮತ್ತು ರೋಸ್ ಎಂಬಿಬ್ಬರು ಇದನ್ನು ಅಳತೆಗೋಲಾಗಿಸಿದರು. ಕಲ್ಲುಹೂವೇ ಇಲ್ಲದ ಮರದಿಂದ ಹಿಡಿದು ಪೊದೆ ಬಗೆಗಳು ಸೊಂಪಾಗಿ ಬೆಳೆದ ಮರದವರೆಗೆ ಸೊನ್ನೆಯಿಂದ ಹತ್ತರ ಅಂಕ ಕೊಟ್ಟು, ಯಾವ ಅಂಕ ಗಾಳಿಯಲ್ಲಿನ ಎಷ್ಟು ಗಂಧಕಕ್ಕೆ ಸಮ ಎಂದು ತೋರಿಸಿದರು. ಸಾಮಾನ್ಯವಾಗಿ ಮೊದಲು ಮಾಯವಾಗುವುದು ಪೊದೆ ಬಗೆ, ಆಮೇಲೆ ಎಲೆ ಬಗೆ, ಕೊನೆತನಕ ಉಳಿಯುವುದು ಹೊಪ್ಪಳೆ ಬಗೆ.

## ಹಾಗಾದರೆ ಬೆಂಗಳೂರಿನ ಮರಗಳು?

ಪ್ಯಾರಿಸ್, ಲಂಡನ್ನಿನ ಸೂತ್ರವನ್ನು ಹಾಗೆಯೇ ತಂದು ಇಲ್ಲಿನ ಮರಗಳಿಗೆ ಅಳವಡಿಸಲು ಬರುವುದಿಲ್ಲ. ಈ ವಿಷಯದಲ್ಲಿ ಜನ ತಪ್ಪು ತಿಳಿಯುವುದು ಹೆಚ್ಚಾಗಿ ಇಲ್ಲೇ.

ಮೊದಲ ಕಾರಣ, ನಮ್ಮ ಮಾಲಿನ್ಯ ಬೇರೆ. 2020ರ ಏಪ್ರಿಲ್ 1ರಿಂದ ದೇಶಾದ್ಯಂತ ಭಾರತ್ ಸ್ಟೇಜ್ 6 ಇಂಧನ ಬಂದ ಮೇಲೆ ಪೆಟ್ರೋಲ್, ಡೀಸೆಲ್‌ಗಳಲ್ಲಿ ಗಂಧಕದ ಮಿತಿ ಹತ್ತು ಲಕ್ಷಕ್ಕೆ 50 ಭಾಗದಿಂದ 10ಕ್ಕೆ ಇಳಿಯಿತು. ನಗರದೊಳಗೆ ಕಲ್ಲಿದ್ದಲ ವಿದ್ಯುತ್ ಸ್ಥಾವರಗಳೂ ಇಲ್ಲ. ಆದ್ದರಿಂದ ಗಂಧಕದ ಡೈಆಕ್ಸೈಡ್ ಇಲ್ಲಿ ಸಾಮಾನ್ಯವಾಗಿ ಮಿತಿಯೊಳಗೇ ಇರುತ್ತದೆ. ಬೆಂಗಳೂರಿನ ಸಮಸ್ಯೆ ದೂಳು, ಅದರ ನಂತರ ವಾಹನಗಳಿಂದ ಬರುವ ಸಾರಜನಕದ ಆಕ್ಸೈಡ್‌ಗಳು. ಪೆಟ್ರೋಲ್ ಕಾರುಗಳ ಹೊಗೆ ಶುದ್ಧಿಗೊಳಿಸುವ ಕೆಟಲಿಟಿಕ್ ಕನ್ವರ್ಟರ್‌ನಿಂದ ಒಂದಿಷ್ಟು ಅಮೋನಿಯಾ ಹೊರಬರುತ್ತದೆ. ಕೊಳಚೆ ಹರಿಯುವ ರಾಜಕಾಲುವೆಗಳಿಂದಲೂ ಅಮೋನಿಯಾ ಏಳುತ್ತದೆ.

ಸಾರಜನಕ ಎಂದರೆ ಗೊಬ್ಬರ. ಅದು ಎಲ್ಲ ಕಲ್ಲುಹೂವನ್ನೂ ಕೊಲ್ಲುವುದಿಲ್ಲ, ಕೆಲವಕ್ಕೆ ಪುಷ್ಟಿ ಕೊಡುತ್ತದೆ. ಕಟ್ಟಡ ಕಾಮಗಾರಿಯ ಸಿಮೆಂಟ್ ದೂಳು ತೊಗಟೆಯ ಮೇಲೆ ಕೂತಾಗ ತೊಗಟೆಯ ಆಮ್ಲೀಯತೆ ತಗ್ಗುತ್ತದೆ. ಇದೂ ಅದೇ ಕೆಲವು ಬಗೆಗಳಿಗೆ ಅನುಕೂಲ. ಪಿಕ್ಸಿನ್ ಕೊಕೋಸ್, ಫಿಸಿಯಾ ಮುಂತಾದವು ಇಂಥವು. ಭಾರತದ ಅನೇಕ ನಗರಗಳ ರಸ್ತೆಬದಿಯ ಮರಗಳಲ್ಲಿ ಕಾಂಡಕ್ಕೆ ಒತ್ತಿ ಕೂತ, ದುಂಡಗೆ ಹರಡಿದ ಬಿಳಿಬೂದು ಮಚ್ಚೆ ಬಹಳ ಸಲ ಪಿಕ್ಸಿನ್. ಹೀಗಾಗಿ ಒಂದು ಮರದ ತುಂಬ ಕಲ್ಲುಹೂವಿದೆ ಎಂದ ಮಾತ್ರಕ್ಕೆ ಅಲ್ಲಿನ ಗಾಳಿ ಒಳ್ಳೆಯದು ಎನ್ನಲಾಗದು. ಮಚ್ಚೆಗಳೆಲ್ಲ ಒಂದೆರಡು ಗಟ್ಟಿ ಬಗೆಯವೇ ಆಗಿದ್ದರೆ ಅದು ಟ್ರಾಫಿಕ್ಕಿನ, ದೂಳಿನ ಗುರುತೂ ಆಗಬಹುದು. ಎಷ್ಟಿವೆ ಎನ್ನುವುದಕ್ಕಿಂತ ಯಾವುವಿವೆ, ಎಷ್ಟು ಬಗೆಯವು ಇವೆ ಎನ್ನುವುದೇ ಮುಖ್ಯ.

ಎರಡನೆಯ ಕಾರಣ ತೇವ. ಕಲ್ಲುಹೂವಿಗೆ ಒಳ್ಳೆಯ ಗಾಳಿಯಷ್ಟೇ ಮುಖ್ಯವಾದದ್ದು ನೆರಳಿನ ತಂಪು ಮತ್ತು ಆರದ ಒದ್ದೆ. ರಸ್ತೆ ಅಗಲಿಸಲು ಸಾಲುಮರ ಕಡಿದಾಗ ಉಳಿದ ಒಂಟಿ ಮರದ ಕಾಂಡಕ್ಕೆ ನೇರ ಬಿಸಿಲು ಬೀಳುತ್ತದೆ, ಡಾಂಬರಿನ ಕಾವು ಬಡಿಯುತ್ತದೆ. ಗಾಳಿಯ ಗುಣ ಬದಲಾಗದಿದ್ದರೂ ಕಲ್ಲುಹೂವು ಹೋಗುತ್ತದೆ. ಕೊಡಗಿನ ಕೊಂಬೆಯಲ್ಲಿ ಜೋತಾಡುವ ಅಸ್ನಿಯಾ ಜಯನಗರದಲ್ಲಿ ಇಲ್ಲವೆಂದರೆ ಅದಕ್ಕೆ ಹೊಗೆಯೊಂದೇ ಕಾರಣವಲ್ಲ. ವರ್ಷಕ್ಕೆ ಸಾವಿರ ಮಿಲಿಮೀಟರ್ ಆಸುಪಾಸಿನ ಮಳೆ ಕಾಣುವ ಈ ಬಯಲುಸೀಮೆಯ ಊರಿಗೆ ಮಲೆನಾಡಿನ ಮಂಜು ಎಂದೂ ಇರಲಿಲ್ಲ. ಬೆಂಗಳೂರನ್ನು ಹೋಲಿಸಬೇಕಾದದ್ದು ಮಡಿಕೇರಿಯ ಜೊತೆಗಲ್ಲ. ಬೆಂಗಳೂರಿನದೇ ಇನ್ನೊಂದು ಮೂಲೆಯ ಜೊತೆ ಹೋಲಿಸಬೇಕು, ಅದೂ ಅದೇ ಜಾತಿಯ ಮರವನ್ನು ಅದೇ ಜಾತಿಯ ಮರದೊಡನೆ.

ಮರದ ಜಾತಿ ಏಕೆ? ತೊಗಟೆಯೇ ಕಲ್ಲುಹೂವಿನ ನೆಲ. ನೀಲಗಿರಿ, ಸೀಬೆ ಮರಗಳು ತೊಗಟೆ ಕಳಚುತ್ತಲೇ ಇರುತ್ತವೆ, ಅಲ್ಲಿ ನಿಧಾನಜೀವಿಗೆ ನೆಲೆ ಸಿಗದು. ಮಾವು, ಹಲಸು, ತೆಂಗಿನ ಕಾಂಡಗಳಲ್ಲಿ ಸುಲಭವಾಗಿ ನೆಲೆಸುತ್ತವೆ. ಸೀಬೆಯಲ್ಲಿ ಮಚ್ಚೆ ಇಲ್ಲ, ಮಾವಿನಲ್ಲಿ ಇದೆ ಎಂಬುದರಿಂದ ಗಾಳಿಯ ಬಗ್ಗೆ ಏನೂ ತಿಳಿಯುವುದಿಲ್ಲ.

ಬೆಂಗಳೂರಿನಲ್ಲಿ ಈ ಕೆಲಸ ನಡೆಯದೇ ಇಲ್ಲ. ನಗರದಲ್ಲಿ ಕಲ್ಲುಹೂವುಗಳು ಎಲ್ಲೆಲ್ಲಿ ಹಂಚಿಹೋಗಿವೆ, ಅವುಗಳ ಮೈಯಲ್ಲಿ ಎಷ್ಟು ಭಾರಲೋಹವಿದೆ ಎಂಬ ಅಧ್ಯಯನ, ಲಾಲ್‌ಬಾಗ್‌ಗೆ ವಿಶೇಷ ಗಮನ ಕೊಟ್ಟು, 2003ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಲಕ್ನೋದ ರಾಷ್ಟ್ರೀಯ ಸಸ್ಯವಿಜ್ಞಾನ ಸಂಶೋಧನಾ ಸಂಸ್ಥೆ ಈ ಬಗೆಯ ಸಂಶೋಧನೆಗೆ ದೇಶದ ದೊಡ್ಡ ಕೇಂದ್ರ. ನಮ್ಮ ರಾಜ್ಯದಲ್ಲೇ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದವರು ಭದ್ರಾ ಅಭಯಾರಣ್ಯದ ಕಲ್ಲುಹೂವುಗಳನ್ನು ಅಧ್ಯಯನ ಮಾಡಿದ್ದಾರೆ. ಲಾಲ್‌ಬಾಗ್ ಇದಕ್ಕೆ ಹೇಳಿಮಾಡಿಸಿದ ಜಾಗ. 1760ರಲ್ಲಿ ಹೈದರಾಲಿ ಶುರುಮಾಡಿದ ತೋಟ, 240 ಎಕರೆ ಹರವು, ಹಳೆಯ ಮರಗಳು, ನಡುವೆ ಮುನ್ನೂರು ಕೋಟಿ ವರ್ಷದ ಬಂಡೆ, ಬೇಲಿಯಾಚೆ ನಾಲ್ಕೂ ಕಡೆ ವಾಹನ ದಟ್ಟಣೆ. ಒಳಗಿನ ಮರಕ್ಕೂ ಬೇಲಿಬದಿಯ ಮರಕ್ಕೂ ವ್ಯತ್ಯಾಸವೇನು ಎಂದು ಒಂದೇ ಆವರಣದಲ್ಲಿ ಕೇಳಬಹುದು. ಇಂಥ ಪಟ್ಟಿಯನ್ನು ಹತ್ತು ವರ್ಷಕ್ಕೊಮ್ಮೆ ಅದೇ ಮರಗಳಲ್ಲಿ ಮತ್ತೆ ಮಾಡುವುದು ಈ ನಗರಕ್ಕೆ ಬಹಳ ಅಗತ್ಯವೆಂದು ನನ್ನ ನಂಬಿಕೆ. ಹಳೆಯ ಲೆಕ್ಕವಿಲ್ಲದೆ ಹೊಸ ಲೆಕ್ಕಕ್ಕೆ ಅರ್ಥವಿಲ್ಲ.

## ಸಂಶೋಧಕರು ಅಳೆಯುವ ಬಗೆ

ಒಂದು ವಿಧಾನ ಎಣಿಕೆ. ಒಂದೇ ಜಾತಿಯ, ಹೆಚ್ಚುಕಡಿಮೆ ಒಂದೇ ಸುತ್ತಳತೆಯ, ನೆಟ್ಟಗೆ ನಿಂತ ಮರಗಳನ್ನು ಆರಿಸಿಕೊಳ್ಳುತ್ತಾರೆ. ನೆಲದಿಂದ ಒಂದು ಮೀಟರ್ ಮೇಲೆ ಕಾಂಡದ ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಬದಿಗಳಿಗೆ ಹತ್ತು ಸೆಂಟಿಮೀಟರ್ ಚೌಕಗಳ ಐದು ಮನೆಯ ಜಾಲರಿ ಹಿಡಿಯುತ್ತಾರೆ. ಪ್ರತಿ ಚೌಕದಲ್ಲಿ ಯಾವ ಯಾವ ಬಗೆ ಕಂಡಿತು ಎಂದು ಬರೆದುಕೊಂಡು ಕೂಡಿದರೆ ಆ ಮರದ ಅಂಕ ಸಿಗುತ್ತದೆ. ಹೀಗೆ ನಗರದುದ್ದಕ್ಕೂ ಮಾಡಿದರೆ ನಕ್ಷೆ ತಯಾರು.

ಇನ್ನೊಂದು ವಿಧಾನ ಸ್ಥಳಾಂತರ. ಕಲ್ಲುಹೂವೇ ಇಲ್ಲದ ಜಾಗದ ಗಾಳಿ ನೋಡಬೇಕೆಂದರೆ ಶುದ್ಧ ಕಾಡಿನಿಂದ ಕೊಂಬೆ ಸಮೇತ ಕಲ್ಲುಹೂವು ತಂದು ಅಲ್ಲಿ ಕಟ್ಟುತ್ತಾರೆ. ಕೆಲವು ತಿಂಗಳ ನಂತರ ತೆಗೆದು, ಪತ್ರಹರಿತ್ತು ಎಷ್ಟು ಕುಂದಿದೆ, ಲೋಹ ಎಷ್ಟು ಸೇರಿದೆ ಎಂದು ಪ್ರಯೋಗಾಲಯದಲ್ಲಿ ಪರೀಕ್ಷಿಸುತ್ತಾರೆ. ತಂದ ದಿನವೇ ಒಂದು ಪಾಲನ್ನು ಎತ್ತಿಟ್ಟು ಅಳೆದಿರುತ್ತಾರಾದ್ದರಿಂದ ಆ ಅವಧಿಯಲ್ಲಿ ಸೇರಿದ್ದು ಎಷ್ಟೆಂದು ಖಚಿತವಾಗಿ ಹೇಳಬಹುದು.

ಯಂತ್ರದ ಬದಲಿಗೆ ಇವು ಸಾಕೇ ಎಂದು ಕೇಳಿದರೆ, ಸಾಲದು. ಗಾಳಿಯಲ್ಲಿ ಇಂದು ಪಿಎಂ 2.5 ಎಷ್ಟಿದೆ ಎಂಬುದನ್ನು ಕಲ್ಲುಹೂವು ಹೇಳಲಾರದು. ಯಂತ್ರವಿಲ್ಲದ ನೂರಾರು ಬೀದಿಗಳಲ್ಲಿ ಯಾವ ಕಡೆ ಯಂತ್ರ ತುರ್ತಾಗಿ ಬೇಕು, ಒಂದು ಪ್ರದೇಶ ವರ್ಷಗಳಲ್ಲಿ ಸುಧಾರಿಸುತ್ತಿದೆಯೋ ಕೆಡುತ್ತಿದೆಯೋ ಎಂಬುದನ್ನು ಕಡಿಮೆ ಖರ್ಚಿನಲ್ಲಿ ತೋರಿಸಬಲ್ಲದು.

## ಮರಕ್ಕೆ ಕೇಡೇ?

ಅಲ್ಲ. ಕಲ್ಲುಹೂವು ತೊಗಟೆಯ ಮೇಲೆ ಕೂರುತ್ತದೆ ಅಷ್ಟೇ, ಮರದ ರಸ ಹೀರುವ ಅಂಗ ಅದಕ್ಕಿಲ್ಲ. ಒಣಗುತ್ತಿರುವ ಕೊಂಬೆಯಲ್ಲಿ ಅದು ಹೆಚ್ಚು ಕಾಣುವುದು ನಿಜ. ಎಲೆ ಉದುರಿ ಬೆಳಕು ಹೆಚ್ಚಿದ್ದರಿಂದ ಅದು ಅಲ್ಲಿ ಬೆಳೆಯಿತು. ಅದು ಬೆಳೆದದ್ದರಿಂದ ಕೊಂಬೆ ಒಣಗಿದ್ದಲ್ಲ. ಎಚ್ಚರ ವಹಿಸಬೇಕಾದದ್ದು ಬೇರೆ ಒಂದಕ್ಕೆ: ಕಾಂಡದ ಬುಡದಲ್ಲಿ ಗೂಡಿನ ಹಲಗೆಯಂತೆ ಹೊರಚಾಚಿದ ಗಟ್ಟಿ ಅಣಬೆ. ಅದು ಒಳಗೆ ಮರ ಕೊಳೆಯುತ್ತಿರುವ ಸೂಚನೆ, ಮಳೆಗಾಳಿಗೆ ಮರ ಬೀಳುವ ಅಪಾಯವಿರುವುದರಿಂದ ಪಾಲಿಕೆಯ ಅರಣ್ಯ ವಿಭಾಗಕ್ಕೆ ತಿಳಿಸಬೇಕಾದದ್ದು. ಎರಡನ್ನೂ ಒಂದೇ ಎಂದುಕೊಂಡು ಕಲ್ಲುಹೂವನ್ನು ಕೆರೆದರೆ ಪ್ರಯೋಜನವಿಲ್ಲ.

ಕೆರೆಯುವುದಕ್ಕಿಂತ ದೊಡ್ಡ ಹಾನಿ ಸುಣ್ಣ, ಕೆಮ್ಮಣ್ಣಿನಿಂದ ಆಗುತ್ತದೆ. ಹಬ್ಬಕ್ಕೋ ಗಣ್ಯರ ಭೇಟಿಗೋ ರಸ್ತೆಬದಿಯ ಮರಗಳ ಬುಡಕ್ಕೆ ಪಟ್ಟೆ ಬಳಿಯುವುದು ನಮ್ಮಲ್ಲಿ ರೂಢಿ. ರಾತ್ರಿ ವಾಹನ ಓಡಿಸುವವರಿಗೆ ಹೆದ್ದಾರಿಯಲ್ಲಿ ಅದರಿಂದ ಉಪಯೋಗವಿದೆ, ಸರಿ. ಬಡಾವಣೆಯ ಒಳರಸ್ತೆಯಲ್ಲಿ, ಉದ್ಯಾನದಲ್ಲಿ ಅದರ ಅಗತ್ಯ ಕಡಿಮೆ. ಸುಣ್ಣ ತೀವ್ರ ಕ್ಷಾರ, ಮೇಲಾಗಿ ಬೆಳಕನ್ನೂ ತಡೆಯುತ್ತದೆ. ಎಲೆ ಬಗೆಯ ಕಲ್ಲುಹೂವು ವರ್ಷಕ್ಕೆ ಬೆಳೆಯುವುದು ಕೆಲವೇ ಮಿಲಿಮೀಟರ್, ಹೊಪ್ಪಳೆ ಬಗೆ ಅದಕ್ಕಿಂತಲೂ ಕಡಿಮೆ. ಅಂಗೈಯಗಲದ ಮಚ್ಚೆಯ ಹಿಂದೆ ಹತ್ತಿಪ್ಪತ್ತು ವರ್ಷಗಳಿರಬಹುದು. ಅಷ್ಟು ಕಾಲದ ದಾಖಲೆ ಒಂದು ಬೆಳಗಿನ ಬಳಿತದಲ್ಲಿ ಅಳಿಯುವುದು ಸಂಕಟದ ಸಂಗತಿ.

## ನಿಮ್ಮ ಬೀದಿಯ ಮರ ನೋಡುವುದಾದರೆ

ಇಂಗ್ಲೆಂಡಿನಲ್ಲಿ 1970ರ ದಶಕದ ಆರಂಭದಲ್ಲೇ ಶಾಲಾಮಕ್ಕಳು ಕಲ್ಲುಹೂವು ನೋಡಿ ದೇಶದ ಗಾಳಿಯ ನಕ್ಷೆಗೆ ಮಾಹಿತಿ ಕೂಡಿಸಿದ್ದರು. ಅಂಥ ಕೆಲಸಕ್ಕೆ ಬೇಕಾದದ್ದು ಹತ್ತುಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರ, ಅಳತೆಪಟ್ಟಿ, ಒಂದು ಪುಸ್ತಕ, ಫೋನಿನ ಕ್ಯಾಮೆರಾ. ಮಳೆಗಾಲ ಮುಗಿಯುತ್ತಿರುವ ದಿನಗಳು ನೋಡಲು ಚೆಂದ, ಆಗ ಬಣ್ಣ ಎದ್ದು ಕಾಣುತ್ತದೆ.

ಮಚ್ಚೆ ಕಲ್ಲುಹೂವೇ ಎಂಬ ಅನುಮಾನವಿದ್ದರೆ ನಾಲ್ಕು ಹನಿ ನೀರು ಹಾಕಿ ಸ್ವಲ್ಪ ಕಾಯಿರಿ. ಬೂದು ಬಣ್ಣ ಹಸಿರಿಗೆ ತಿರುಗಿದರೆ ಕಲ್ಲುಹೂವೇ. ಮೇಲ್ಪದರ ನೆನೆದು ಪಾರದರ್ಶಕವಾದಾಗ ಒಳಗಿನ ಪಾಚಿ ಕಾಣುವುದರಿಂದ ಹೀಗಾಗುತ್ತದೆ. ಬರೀ ಹಸಿರು ಲೇಪವಾಗಿದ್ದರೆ ಪಾಚಿ, ಮಸೂರದಲ್ಲಿ ಪುಟ್ಟ ಎಲೆಗಳು ಕಂಡರೆ ಹಾವಸೆ, ಮರಕ್ಕೆ ಬಳಿದ ಹಳೆಯ ಬಣ್ಣವಾದರೆ ಬದಲಾಗದು. ಅಂಗಡಿಗಳಲ್ಲಿ ಖೋಟಾನೋಟು ಪತ್ತೆಗೆ ಇಡುವ ನೇರಳಾತೀತ ಟಾರ್ಚ್ ಸಿಕ್ಕರೆ ಕತ್ತಲಾದ ಮೇಲೆ ಬಿಳಿಬೂದು ಮಚ್ಚೆಗೆ ಹಿಡಿದು ನೋಡಿ. ಪಿಕ್ಸಿನ್ ಕೊಕೋಸ್ ಆಗಿದ್ದರೆ ಹಳದಿಯಾಗಿ ಹೊಳೆಯುತ್ತದೆ. ಅದರ ಮೇಲ್ಪದರದಲ್ಲಿರುವ ಲೈಕೆಕ್ಸಾಂಥೋನ್ ಎಂಬ ರಾಸಾಯನಿಕ ಆ ಬೆಳಕಿಗೆ ಹೊಳೆಯುವಂಥದ್ದು.

ಮನೆಯ ಬೀದಿಯ ಒಂದು ಮಾವು, ಹತ್ತಿರದ ಪಾರ್ಕಿನ ಒಳಗಿನ ಒಂದು ಮಾವು, ಮುಖ್ಯರಸ್ತೆಯ ಒಂದು ಮಾವು ಆರಿಸಿ. ಎದೆಯೆತ್ತರದಲ್ಲಿ, ನಾಲ್ಕೂ ದಿಕ್ಕಿನಲ್ಲಿ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೊ ತೆಗೆಯಿರಿ. ಹೊಪ್ಪಳೆ, ಎಲೆ, ಪೊದೆ ಎಂದು ಬಗೆ ಬರೆಯಿರಿ, ಬಣ್ಣ ಬರೆಯಿರಿ, ಎಷ್ಟು ಬೇರೆ ಬೇರೆ ಕಂಡವು ಎಂದು ಎಣಿಸಿರಿ. ಮುಂದಿನ ವರ್ಷ ಅದೇ ತಿಂಗಳು ಅದೇ ಜಾಗದ ಫೋಟೊ ತೆಗೆದು ಪಕ್ಕಕ್ಕಿಟ್ಟು ನೋಡಿ. ಕಲ್ಲುಹೂವನ್ನು ಕೀಳುವ ಅಗತ್ಯ ಯಾವ ಹಂತದಲ್ಲೂ ಇಲ್ಲ.

ಹೆಸರು ಗೊತ್ತಾಗಲಿಲ್ಲವೆಂದು ಕೈಬಿಡಬೇಡಿ. ಐನ್ಯಾಚುರಲಿಸ್ಟ್‌ನಂಥ ತಾಣಕ್ಕೆ ಫೋಟೊ ಹಾಕಿದರೆ ಬಲ್ಲವರು ಎಷ್ಟೋ ಸಲ ಕುಲದವರೆಗೆ ಗುರುತಿಸಿ ಕೊಡುತ್ತಾರೆ. ಪ್ರಭೇದ ಹೇಳಲು ತಜ್ಞರಿಗೂ ಸೂಕ್ಷ್ಮದರ್ಶಕ ಬೇಕು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಮತ್ತು ಬ್ಲೀಚಿನ ಹನಿ ಹಾಕಿ ಬಣ್ಣ ಬದಲಾಗುವುದೇ ಎಂದು ನೋಡಬೇಕು. ದಿನಾಂಕ, ಜಾಗ, ಮರದ ಜಾತಿ ಸರಿಯಾಗಿ ಬರೆದಿಟ್ಟ ಫೋಟೊ ಇದ್ದರೆ ಹೆಸರನ್ನು ಆಮೇಲೂ ಸೇರಿಸಬಹುದು.